ಬೊರೊಮೆಯೊ ಮನೆತನದ ದ್ವೀಪದರಮನೆಗೆ ಹೋಗುವವರಿಗೆ

ಮಿಲಾನಿನಲ್ಲಿ ಉದ್ಯೋಗದಲ್ಲಿರುವ ಮಗಳ ಮನೆಯಲ್ಲಿ ಒಂದು ತಿಂಗಳು ತಂಗಿದ್ದಾಗ, ಉತ್ತರ ಇಟಲಿಯ ಮಜ್ಜೋರೆ ಸರೋವರದ ನಡುವಿರುವ ಇಸೋಲಾ ಬೆಲ್ಲಾ ದ್ವೀಪಕ್ಕೆ ನಾನೂ ನನ್ನ ಪತ್ನಿಯೂ ಹೋಗಿ ಬಂದೆವು. ಬದಿಯಡ್ಕಕ್ಕೆ ಮರಳಿದ ಮೇಲೆ, ಮಕ್ಕಳು ಅತ್ತ ಕಡೆಯಲ್ಲಿರುವ ನಮ್ಮೂರಿನ ಕೆಲವು ಮನೆಯವರು ವಿವರ ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮಿಲಾನಿನ ಮುಖ್ಯ ನಿಲ್ದಾಣದಿಂದ ಸ್ತ್ರೇಸಾ ಎಂಬ ಊರಿಗೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಅಲ್ಲಿಂದ ದೋಣಿಯಲ್ಲಿ ಕೆಲವೇ ನಿಮಿಷ. ದಡದಲ್ಲಿ ಖಾಸಗಿ ದೋಣಿಯವರೂ ಕರೆಯುತ್ತಾರೆ. ನಾವು ಹಾಗೆ ಒಬ್ಬರಲ್ಲಿ ಹೋಗಿಬರುವ ಟಿಕೆಟು ಕೊಂಡು, ಮರಳುವಾಗ ಅದೇ ದೋಣಿಗಾಗಿ ಬಹಳ ಹೊತ್ತು ಕಾಯಬೇಕಾಯಿತು. ಆದುದರಿಂದ ಸಾರ್ವಜನಿಕ ದೋಣಿಗಳ ಸಮಯಪಟ್ಟಿಯನ್ನು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಅರಮನೆಯ ಪ್ರವೇಶಕ್ಕೆ ಬೇರೆಯೇ ಟಿಕೆಟು ಬೇಕು, ಮತ್ತು ಚಳಿಗಾಲದಲ್ಲಿ ಅರಮನೆ ಮುಚ್ಚಿರುತ್ತದೆ.

ಹೋಗುವ ಮೊದಲು ಇತಿಹಾಸವನ್ನು ಸ್ವಲ್ಪ ತಿಳಿದುಕೊಂಡರೆ ಕಣ್ಣಿಗೆ ಕಾಣುವುದು ಬೇರೆಯಾಗುತ್ತದೆ. ಇದು ಮೊದಲು ಬೆಸ್ತರ ಸಣ್ಣ ಹಳ್ಳಿಯಿದ್ದ ಬರಿಯ ಬಂಡೆಯ ದ್ವೀಪ. ಮಿಲಾನಿನ ಸಿರಿವಂತ ಬೊರೊಮೆಯೊ ಮನೆತನದ ಮೂರನೆಯ ಕಾರ್ಲೋ 1632ರಲ್ಲಿ ಇಲ್ಲಿ ಅರಮನೆಯ ಕೆಲಸ ಆರಂಭಿಸಿ, ಹೆಂಡತಿ ಇಸಾಬೆಲ್ಲಾಳ ಹೆಸರನ್ನು ದ್ವೀಪಕ್ಕಿಟ್ಟನು. ಅದೇ ಬಾಯಿಂದ ಬಾಯಿಗೆ ಸವೆದು ಇಸೋಲಾ ಬೆಲ್ಲಾ, ಅಂದರೆ ಸುಂದರ ದ್ವೀಪ, ಆಯಿತು. ಮಗ ಆರನೆಯ ವಿತಾಲಿಯಾನೋ ಕೆಲಸವನ್ನು ಬಹುಪಾಲು ಮುಂದುವರಿಸಿದನು. ಹತ್ತು ಮಟ್ಟಗಳಲ್ಲಿ ಮೇಲೇರುವ ಉದ್ಯಾನ ಸಿದ್ಧವಾದದ್ದು 1671ರಲ್ಲಿ. ದೊಡ್ಡ ಸಭಾಂಗಣವಾದರೋ ಪೂರ್ಣಗೊಂಡದ್ದು 20ನೆಯ ಶತಮಾನದ ಮಧ್ಯಭಾಗದಲ್ಲಿ. ಅಜ್ಜ ಹಾಕಿದ ಪಂಚಾಂಗದ ಮೇಲೆ ಮೊಮ್ಮಕ್ಕಳ ಮೊಮ್ಮಕ್ಕಳು ಗೋಡೆ ಏರಿಸುತ್ತ ಬಂದ ಇಂಥ ಮನೆ, ಗುತ್ತಿನ ಮನೆಗಳು ಪಾಲಾಗಿ ಹಂಚು ಜಾರುವುದನ್ನು ಕಂಡ ನನಗೆ ಬಹುವಾಗಿ ತಟ್ಟಿತು.

1797ರಲ್ಲಿ ನೆಪೋಲಿಯನ್ ತಂಗಿದ್ದ ಕೋಣೆಯನ್ನು ತೋರಿಸುತ್ತಾರೆ. 1935ರ ಎಪ್ರಿಲಿನಲ್ಲಿ ಜರ್ಮನಿಯ ಶಸ್ತ್ರಸಜ್ಜಿಕೆಯ ವಿರುದ್ಧ ಇಟಲಿ, ಫ್ರಾನ್ಸ್ ಮತ್ತು ಬ್ರಿಟನ್ನಿನ ಮುಖಂಡರು ಸೇರಿದ್ದ ಸಂಗೀತ ಕೊಠಡಿಯೂ ಇದೆ. ಆದರೆ ಹೆಚ್ಚಿನವರು ಓಡುತ್ತ ದಾಟುವ ಕೆಳ ಅಂತಸ್ತಿನ ಆರು ಕೋಣೆಗಳಲ್ಲಿ ನೀವು ನಿಧಾನವಾಗಿ ನಿಲ್ಲಬೇಕೆಂಬುದು ನನ್ನ ಆಗ್ರಹ. ಬೇಸಗೆಯ ಸೆಖೆಯಲ್ಲಿ ಅತಿಥಿಗಳು ತಂಪಾಗಿ ಕುಳಿತುಕೊಳ್ಳಲೆಂದು ಮಾಡಿದ ಈ ಗುಹೆಯಂಥ ಕೋಣೆಗಳ ಗೋಡೆ, ಮಾಡುಗಳಿಗೆಲ್ಲ ಕಪ್ಪು ಬಿಳುಪು ಬೆಣಚುಕಲ್ಲುಗಳನ್ನು ಒಂದೊಂದಾಗಿ ಕೂರಿಸಿದ್ದಾರೆ. ನಮ್ಮ ಮುರಕಲ್ಲಿನ ಮನೆಯ ಒಳಗೋಣೆಗೆ ಮಧ್ಯಾಹ್ನ ಕಾಲಿಟ್ಟಾಗ ಆಗುವ ತಂಪೇ ಅಲ್ಲಿಯೂ ಆಯಿತು.

ಉದ್ಯಾನದಲ್ಲಿ ಬಿಳಿ ನವಿಲುಗಳಿವೆ. ತುದಿಯಲ್ಲಿ ಮನೆತನದ ಲಾಂಛನವಾದ ಒಂಟಿಕೊಂಬಿನ ಕುದುರೆಯ ಶಿಲ್ಪವಿದೆ. ಮೆಟ್ಟಿಲುಗಳು ಬಹಳ, ಮಂಡಿನೋವಿರುವವರು ಅವಸರಪಡಬಾರದು. ಹತ್ತಿರದ ಇಸೋಲಾ ಮಾದ್ರೆ ಮತ್ತು ಬೆಸ್ತರ ದ್ವೀಪಗಳನ್ನೂ ಅದೇ ದಿನ ನೋಡುವ ಆಸೆಯಾಗುತ್ತದೆ, ಆದರೆ ಅರಮನೆಗೂ ಉದ್ಯಾನಕ್ಕೂ ಮೂರು ಗಂಟೆಯಾದರೂ ಇಟ್ಟುಕೊಂಡ ಬಳಿಕವೇ ಉಳಿದದ್ದನ್ನು ಯೋಚಿಸಿರಿ. ಬುತ್ತಿಯನ್ನು ಸ್ತ್ರೇಸಾದ ದಡದಲ್ಲಿ ಕುಳಿತು ಉಂಡು, ಬೆಳಗಿನ ಮೊದಲ ದೋಣಿಗಳಲ್ಲೊಂದನ್ನು ಹಿಡಿದರೆ ಆ ಬೆಣಚುಕಲ್ಲಿನ ಕೋಣೆಗಳಲ್ಲಿ ಜನಸಂದಣಿಯಿಲ್ಲದೆ ನಿಲ್ಲಬಹುದು.