ಎರಡು ಗಂಟೆಗೆ ಬರ್ರಿ

ಕಲಬುರಗಿಯ ಬೇಸಿಗೆಯಲ್ಲಿ ನಮ್ಮಂಥ ಸರ್ಕಾರಿ ನೌಕರರಿಗೆ ಇರುವ ಒಂದೇ ಸುಖ ಅಂದರೆ ಆಫೀಸ್ ಟೈಮ್. ಏಪ್ರಿಲ್, ಮೇ ಎರಡೂ ತಿಂಗಳು ಬೆಳಿಗ್ಗೆ 8ಕ್ಕೆ ಶುರು, ಮಧ್ಯಾಹ್ನ 1.30ಕ್ಕೆ ಮುಗೀತು. ಬೆಂಗಳೂರಿನಲ್ಲಿರುವ ನನ್ನ ತಂಗಿಗೆ ಇದನ್ನು ಕೇಳಿದರೇ ಹೊಟ್ಟೆಕಿಚ್ಚು. ಅಲ್ಲಿ 37 ಡಿಗ್ರಿ ಆದರೆ ಸಾಕು, ಫೋನ್ ಮಾಡಿ ಗೋಳಾಡುತ್ತಾಳೆ.

ಮೊನ್ನೆ ಮಂಗಳವಾರ ಊಟ ಮುಗಿಸಿ ಕೂಲರ್ ಮುಂದೆ ಅಡ್ಡಾಗಿದ್ದೆ. ಮೆಟ್ಟಿಲ ಹತ್ತಿರ ಧಡ್ ಅಂತ ಸದ್ದಾಯಿತು. ಪಕ್ಕದ ಮನೆಗೆ ಗ್ಯಾಸ್ ತಂದ ಹುಡುಗ, ಸಿಲಿಂಡರ್ ಇಳಿಸಿ ಅಲ್ಲೇ ಕುಸಿದು ಕೂತಿದ್ದ. ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. ತುಂಬಿದ ಸಿಲಿಂಡರ್ ಅಂದರೆ ಸುಮಾರು 30 ಕೆಜಿ. ಅಂಗಿ ಮೈಗೆ ಅಂಟಿತ್ತು, ಮುಖ ಬಿಳಿಚಿತ್ತು, ಮುಂಗೈ ಕೂದಲೆಲ್ಲ ನೆಟ್ಟಗೆ ನಿಂತಿತ್ತು. ಏನಾಯ್ತಪ್ಪ ಅಂದರೆ, "ಥಂಡಿ ಹತ್ಲಿಕತ್ತದ್ರೀ ಅಕ್ಕೋರೆ" ಅಂದ.

ಅವತ್ತು ಹೊರಗೆ 43 ಡಿಗ್ರಿ.

ಅಷ್ಟರಲ್ಲಿ ಜನ ಸೇರಿದರು. ಕೆಳಗಿನ ಮನೆಯ ಕಾಕು ಬಂದವರೇ ನನ್ನ ಕೈಯಲ್ಲಿದ್ದ ಚೊಂಬು ಹಿಡಿದುಕೊಂಡರು. "ಕಾದ ಮೈಗೆ ತಣ್ಣೀರು ಹಾಕಬ್ಯಾಡ್ರಿ, ಸನ್ನಿ ಆಗ್ತದ." ಎದುರು ಮನೆಯ ರಿಟೈರ್ಡ್ ಮೇಷ್ಟ್ರು ಉಳ್ಳಾಗಡ್ಡಿ ತಂದರು. ಉಳ್ಳಾಗಡ್ಡಿ ಜೇಬಲ್ಲಿದ್ದರೆ ಬಿಸಿಲು ಬಡಿಯಲ್ಲ ಅನ್ನೋದು ಇಲ್ಲಿ ವೇದವಾಕ್ಯ. ಆ ಹುಡುಗನ ಜೇಬಲ್ಲಿ ಆಗಲೇ ಒಂದಿತ್ತು! ಮೇಷ್ಟ್ರು ಒಳ್ಳೆಯವರೇ, ಆದರೆ ಸೋಲು ಒಪ್ಪುವವರಲ್ಲ. "ಸಣ್ಣದಿರಬೇಕು" ಅಂದರು.

ನಮ್ಮಣ್ಣನ ಮಗಳು ನರ್ಸ್. ಪ್ರತಿ ಬೇಸಿಗೆಯೂ ಅವಳಿಂದ ನಮಗೆಲ್ಲ ಪಾಠ ಆಗುತ್ತದೆ, ಹಾಗಾಗಿ ಈ ಚಳಿ ಒಳ್ಳೆಯ ಲಕ್ಷಣ ಅಲ್ಲ ಅಂತ ಗೊತ್ತಿತ್ತು. ಒಳಗೆ ಕರೆತಂದು ಕೂಲರ್ ಮುಂದೆ ಮಲಗಿಸಿ, ಕಾಲ ಕೆಳಗೆ ದಿಂಬು ಇಟ್ಟೆವು. ಒದ್ದೆ ಟವೆಲ್ ಕುತ್ತಿಗೆಗೆ, ಕಂಕುಳಿಗೆ. ಕಾಕು ಗೊಣಗುತ್ತಲೇ ಇದ್ದರು. ಆದರೆ ನಮ್ಮದು ಒಣ ಬಿಸಿಲು, ಒದ್ದೆ ಮೈಗೆ ಗಾಳಿ ತಾಗಿದರೆ ನೀರು ಬೇಗ ಆರಿ ಬಿಸಿ ಎಳೆದುಕೊಂಡು ಹೋಗುತ್ತದೆ, ಮಂಗಳೂರಿನ ಸೆಕೆಯಲ್ಲಾದರೆ ಅಷ್ಟು ಬೇಗ ಆಗಲ್ಲ. ಒಂದು ಲೀಟರ್ ನೀರಿಗೆ ಓಆರ್‌ಎಸ್ ಒಂದು ಪ್ಯಾಕೆಟ್ ಕಲಸಿ ಗುಟುಕು ಗುಟುಕಾಗಿ ಕುಡಿಸಿದೆ. ಹೆಸರು, ಊರು, ಅಣ್ಣತಮ್ಮಂದಿರು ಎಷ್ಟು ಅಂತ ಸುಮ್ನೆ ಮಾತಾಡಿಸುತ್ತಲೇ ಇದ್ದೆ. ಮಾತು ತೊದಲಿದರೆ, ಉತ್ತರ ಎಲ್ಲೆಲ್ಲೋ ಹೋದರೆ, ಅದು ಬರೀ ಸುಸ್ತಲ್ಲ, ಹೀಟ್ ಸ್ಟ್ರೋಕ್ ಇರಬಹುದು. ಮೈ ತಣ್ಣಗೆ ಮಾಡುತ್ತಲೇ 108ಕ್ಕೆ ಫೋನ್ ಹಚ್ಚಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ನೀರು ಹಾಕಲೇಬಾರದು. ಇವನು ಸರಿಯಾಗಿ ಉತ್ತರ ಕೊಟ್ಟ. ಅರ್ಧ ಗಂಟೆಯಲ್ಲಿ ಎದ್ದು ಕೂತ.

ಹೋದ ವಾರವಷ್ಟೇ ಕೆಲಸಕ್ಕೆ ಸೇರಿದ್ದನಂತೆ. ಮೈ ಈ ಬಿಸಿಲಿಗೆ ಒಗ್ಗಲು ಒಂದೆರಡು ವಾರ ಬೇಕು, ಹೊಸಬರೇ ಜಾಸ್ತಿ ಬೀಳೋದು. ಇವನಿಗೆ ಮೊದಲ ದಿನದಿಂದಲೇ ಪೂರ್ತಿ ಲೋಡು. ಮಲಗೋದು ತಗಡಿನ ಶೀಟಿನ ಕೆಳಗೆ. ಅಂದರೆ ರಾತ್ರಿಯಾದರೂ ಮೈ ತಣ್ಣಗಾಗುತ್ತದಾ ಅಂದರೆ ಅದೂ ಇಲ್ಲ.

"ಮುಂಜಾನಿನೇ ಬಂದು ಮುಗಿಸ್ಬಾರ್ದೇನಪ್ಪ?" ಅಂದೆ.

"ಮುಂಜಾನಿ ಬಂದ್ರ ಮನಿ ಕೀಲಿ ಇರ್ತದ್ರೀ. ಎಲ್ಲಾರೂ ಡ್ಯೂಟಿಗಿ ಹೋಗಿರ್ತಾರ. ಫೋನ್ ಹಚ್ಚಿದ್ರ, ಎರಡು ಗಂಟೆಗಿ ಬರ್ರಿ ಅಂತಾರ."

ಥಂಡಿ ಅಂದದ್ದಕ್ಕಿಂತ ಈ ಮಾತೇ ನನ್ನನ್ನು ಜಾಸ್ತಿ ಕಾಡುತ್ತಿದೆ. ನಮ್ಮ ಕಟ್ಟಡದಲ್ಲಿ ಮುಕ್ಕಾಲು ಪಾಲು ಸರ್ಕಾರಿ ನೌಕರರು. ನಮಗೆ ಬಿಸಿಲು ತಾಗಬಾರದು ಅಂತ ಟೈಮ್ ಬದಲಾಯಿಸಿದರು, ಸರಿ. ಈಗ ನಾವು ಮನೆಗೆ ಬಂದ ಮೇಲೆ ಗ್ಯಾಸ್, ಪಾರ್ಸೆಲ್, ಕೂಲರ್ ರಿಪೇರಿಯವನು, ಎಲ್ಲರೂ ಎರಡರಿಂದ ನಾಲ್ಕರ ಒಳಗೇ ಬರಬೇಕು! ಯಾರೂ ಬೇಕಂತ ಮಾಡಿದ್ದಲ್ಲ. ಆದರೆ ಫ್ಯಾನಿನ ಕೆಳಗೆ ಕೂತು ಫೈಲ್ ನೋಡುವವರು ತಪ್ಪಿಸಿಕೊಂಡ ಬಿಸಿಲು ಸಿಲಿಂಡರ್ ಹೊರುವವನ ತಲೆ ಮೇಲೆ ಬಿತ್ತಲ್ವಾ. ಹನ್ನೆರಡರಿಂದ ಮೂರರವರೆಗೆ ಹೊರಗೆ ಬರಬೇಡಿ ಅನ್ನುವ ಸಲಹೆ ವರ್ಷಾ ವರ್ಷಾ ಬರುತ್ತದೆ. ಅದನ್ನು ಓದಿ ಪಾಲಿಸುವವರು ಹೇಗಿದ್ದರೂ ಒಳಗಿರುವವರೇ. ಒಳಗಿದ್ದುಕೊಂಡು ಆರ್ಡರ್ ಮಾಡುವವರೂ ಅವರೇ.

ರಾತ್ರಿ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಹಾಕಿದೆ. ಗ್ಯಾಸ್ 11ರೊಳಗೆ ತರಿಸೋಣ, ಖಾಲಿ ಸಿಲಿಂಡರ್ ಮೊದಲೇ ಕೆಳಗಿಡೋಣ, ಓಟಿಪಿ ಫೋನಲ್ಲೇ ಹೇಳೋಣ. ಒಬ್ಬರು "ಕಳುವಾದ್ರ ಜವಾಬ್ದಾರಿ ಯಾರ್ದು?" ಅಂತ ಕೇಳಿದರು. ಇಂಥವರು ಎಲ್ಲಾ ಗ್ರೂಪಿನಲ್ಲೂ ಒಬ್ಬರು ಇರ್ತಾರೆ. ಚೊಂಬು ಹಿಡಿದ ಕಾಕುನೇ ವಾಯ್ಸ್ ಮೆಸೇಜ್ ಕಳಿಸಿದರು, "ಸಿಲಿಂಡರ್ ನಮ್ಮನ್ಯಾಗ ಇಡಲಿ ತಗೋರಿ, ನಾ ಎಲ್ಲಿಗಿ ಹೋಗ್ತೀನಿ?" ಸಂಜೆ ಅವರವರ ಸಿಲಿಂಡರ್ ಅವರವರೇ ಮೇಲೆ ಹೊತ್ತುಕೊಂಡು ಹೋಗಲಿ ಅಂತ ನಾನು ಬರೆದ ಮೇಲೆ ಮಾತ್ರ ಯಾರೂ ಏನೂ ಅಂದಿಲ್ಲ. ಏಜೆನ್ಸಿಗೂ ಫೋನ್ ಮಾಡಿದ್ದೆ. ಸಿಲಿಂಡರ್ ತರುವ ಟಂಟಂ ಗಾಡಿ ಗೋಡೌನ್ ಬಿಡೋದೇ 10ಕ್ಕೆ ಅಂದರು. ಹಾಗಾದ್ರೆ ನಮ್ಮ ಕಟ್ಟಡ ಮೊದಲು ಮುಗಿಸಿ ಅಂತ ಕೇಳಿದ್ದೇನೆ, ನೋಡೋಣ ಅಂದಿದ್ದಾರೆ.