ಕಾರವಾರದ ಓಟ, ಸಾಣಿಕಟ್ಟಾದ ಉಪ್ಪು

ಹಾಫ್ ಮ್ಯಾರಥಾನ್ ಅಂದರೆ 21.1 ಕಿಲೋಮೀಟರ್. ಅದನ್ನು ಎರಡು ಗಂಟೆಯೊಳಗೆ ಮುಗಿಸಬೇಕು ಅನ್ನುವ ಆಸೆ ಹೊತ್ತುಕೊಂಡು ಶಿರಸಿಯಲ್ಲಿ ಚಳಿಗಾಲವಿಡೀ ಓಡಿದ್ದೆ. ಫೆಬ್ರವರಿ ಕೊನೆಗೆ ಕಾರವಾರದಲ್ಲಿ ಕೊನೆಯ ಗೆರೆ ದಾಟಿದಾಗ ಆಗಿದ್ದು 2 ಗಂಟೆ 11 ನಿಮಿಷ. ಕೊರಳಿಗೆ ಪದಕ ಹಾಕಿದ ಹುಡುಗಿ ನಗುತ್ತಾ ಅಭಿನಂದಿಸಿದಳು. ನನಗೆ ಅಳುವೇ ಬಂದಂತಾಗಿತ್ತು.

ಓಟ ಶುರುವಾಗಿದ್ದು ಟ್ಯಾಗೋರ್ ಕಡಲತೀರದಿಂದ. ರವೀಂದ್ರನಾಥ ಟ್ಯಾಗೋರರು ಹರೆಯದಲ್ಲಿ ಇಲ್ಲಿ ಬಂದು ಉಳಿದಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಆಗ ಕಾರವಾರದಲ್ಲಿ ನ್ಯಾಯಾಧೀಶರು. ಇನ್ನೂ ಕತ್ತಲು. ಪಕ್ಕದ ಯುದ್ಧನೌಕೆ ಮ್ಯೂಸಿಯಂನ ಚಪಲ್ ಹಡಗು ಬರೀ ಕಪ್ಪಗೆ ಕಾಣುತ್ತಿತ್ತು. ಅಲ್ಲಿಂದ ಊರು ದಾಟಿ, ಬಿಣಗಾ ಏರು ಹತ್ತಿ, ಅಮದಳ್ಳಿ ಕಡೆ ಹೋಗಿ ಅದೇ ದಾರಿಯಲ್ಲಿ ವಾಪಸ್.

ಹದಿನೈದು ಕಿಲೋಮೀಟರ್‌ವರೆಗೆ ಎಲ್ಲ ಅಂದುಕೊಂಡಂತೆಯೇ ನಡೆಯಿತು. ಆಮೇಲೆ ಎದೆಬಡಿತ ಏರುತ್ತಾ ಹೋಯಿತು, ಕಾಲು ಮಾತು ಕೇಳಲಿಲ್ಲ. ಬಿಣಗಾಕ್ಕೆ ಬರುವಷ್ಟರಲ್ಲಿ ಎಡ ಮೀನಖಂಡ ಕಲ್ಲಿನಂತೆ ಹಿಡಿದುಕೊಂಡಿತು. ರಸ್ತೆ ಬದಿಯ ಮನೆಯ ಅಜ್ಜಿಯೊಬ್ಬರು ಮುರುಗಲ ಪಾನಕಕ್ಕೆ ಉಪ್ಪು ಹಾಕಿ, "ಕುಡಿ ಮಗಾ, ಕೂತ್ಕೊಂಡು ಕುಡಿ" ಅಂದರು. ಕೂತರೆ ಏಳಲು ಆಗುವುದಿಲ್ಲ ಅಂತ ನಿಂತೇ ಕುಡಿದೆ. ಹುಳಿ, ಉಪ್ಪು, ತಂಪು. ಆ ಲೋಟದ ಋಣ ದೊಡ್ಡದು. ಉಳಿದ ದಾರಿಯನ್ನು ಒಂದಿಷ್ಟು ನಡೆದೆ, ಒಂದಿಷ್ಟು ಓಡಿದೆ.

ಮರುದಿನ ಸೀದಾ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಅಂಕೋಲಾ ದಾಟಿ, ಗಂಗಾವಳಿ ಸೇತುವೆ ದಾಟಿ, ಮಾದನಗೇರಿಯಲ್ಲಿ ಇಳಿದು ಗೋಕರ್ಣದ ಬಸ್ ಹಿಡಿದೆ. ದಾರಿಯುದ್ದಕ್ಕೂ ಮೊಬೈಲಿನಲ್ಲಿ ಒಂದೊಂದು ಕಿಲೋಮೀಟರಿನ ಲೆಕ್ಕ ನೋಡುತ್ತಾ ಕೂತಿದ್ದೆ. ಮೊದಲ ಹತ್ತು ಕಿಲೋಮೀಟರ್ 56 ನಿಮಿಷ. ಹದಿನೈದಕ್ಕೆ 1 ಗಂಟೆ 25 ನಿಮಿಷ. ಎರಡು ಗಂಟೆಯೊಳಗಿನ ಓಟಕ್ಕೆ ಬೇಕಾದ ವೇಗವೇ ಅದು! ಹದಿನೈದು ಕಿಲೋಮೀಟರನ್ನು ಅಷ್ಟು ಬೇಗ ನಾನು ಯಾವತ್ತೂ ಓಡಿರಲಿಲ್ಲ. ಹೋಗುವಾಗ ಬಿಣಗಾ ಏರಿನಲ್ಲಿ ಎಷ್ಟೋ ಜನರನ್ನು ಹಿಂದೆ ಹಾಕಿದ್ದೆ, ಉಸಿರು ಮೇಲೆ ಬಂದಿರಲಿಲ್ಲ. ಶಿರಸಿಯ ಏರಿಳಿತದ ರಸ್ತೆಗಳು ಕಾಲಿಗೆ ಕಲಿಸಿದ್ದನ್ನು ಕಾಲು ಮರೆತಿರಲಿಲ್ಲ. ಹಿಂದಿನ ದಿನದ ಸಿಟ್ಟಿನಲ್ಲಿ ಇದು ಯಾವುದೂ ಕಣ್ಣಿಗೆ ಬಿದ್ದಿರಲಿಲ್ಲ.

ಹಾಗಾದರೆ ಕೊನೆಯ ಆರು ಕಿಲೋಮೀಟರಿನಲ್ಲಿ ಆಗಿದ್ದೇನು? ಅದು ನನಗೆ ಅರ್ಥವಾಗಿದ್ದು ಸಾಣಿಕಟ್ಟಾದಲ್ಲಿ.

ಗೋಕರ್ಣಕ್ಕೆ ಸ್ವಲ್ಪ ಮೊದಲೇ ಉಪ್ಪಿನ ಆಗರಗಳು ಸಿಗುತ್ತವೆ. ಗದ್ದೆಯಂತೆ ಚೌಕ ಚೌಕ, ನಡುವೆ ಸಣ್ಣ ಬದು. ಅಘನಾಶಿನಿಯ ಅಳಿವೆಗೆ ಉಬ್ಬರದಲ್ಲಿ ನುಗ್ಗುವ ಉಪ್ಪುನೀರನ್ನು ಒಳಗೆ ಬಿಟ್ಟುಕೊಂಡು, ಪಾತಿಯಿಂದ ಪಾತಿಗೆ ಹಾಯಿಸುತ್ತಾ ಒಣಗಿಸುತ್ತಾರೆ. ಮಳೆಗಾಲಕ್ಕೆ ಮುಂಚೆ ಎಷ್ಟು ಬಿಸಿಲು ಸಿಗುತ್ತದೋ ಅಷ್ಟು ಉಪ್ಪು. ಬದುವಿನ ಮೇಲೆ ಕುಂಟುತ್ತಾ ನಡೆದೆ. ಪಾತಿಯ ಅಂಚಿನಲ್ಲಿ ನೀರಿನ ಮೇಲೆ ತೆಳುವಾದ ಕೆನೆ ಕಟ್ಟಿತ್ತು. ಬೆರಳಿನಿಂದ ಮುಟ್ಟಿದರೆ ಪಟ್ಟನೆ ಒಡೆದು ಮುಳುಗಿತು. ಕೆಳಗೆ ಹರಳು, ಅಂಗಡಿಯ ಪುಡಿಯಷ್ಟು ಬಿಳಿಯಲ್ಲ, ಮಣ್ಣಿನ ಬಣ್ಣ ಸ್ವಲ್ಪ ಹತ್ತಿದ್ದು. ಉದ್ದ ಕೋಲಿಗೆ ಹಲಗೆ ಸಿಕ್ಕಿಸಿಕೊಂಡು ಒಬ್ಬರು ಅದನ್ನು ಬದಿಗೆ ಎಳೆಯುತ್ತಿದ್ದರು.

"ದಿನಾ ಇಷ್ಟೇ ಬರ್ತದಾ ಅಣ್ಣಾ?" ಅಂದೆ.

"ಇಲ್ಲ ತಮಾ. ಬಿಸಿಲು ಒಂದಿದ್ರೆ ಸಾಕಾಗೂದಿಲ್ಲ, ಗಾಳಿ ಒಣ ಇರ್ಬೇಕು. ಗಾಳೀಲಿ ನೀರು ಇದ್ರೆ ಆಗರದ ನೀರು ಆರೂದೇ ಇಲ್ಲ."

ನನ್ನ ಮೈಯಲ್ಲೂ ಆಗಿದ್ದು ಅದೇ ಅಲ್ವಾ? ಬೆವರು ಸುರಿದರಷ್ಟೇ ಮೈ ತಣ್ಣಗಾಗುವುದಿಲ್ಲ, ಅದು ಆರಬೇಕು. ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ. ಬೆವರು ಆರದೆ ಸುಮ್ನೆ ತೊಟ್ಟಿಕ್ಕುತ್ತದೆ. ಮೈ ಬಿಸಿಯಾದಂತೆ ಹೃದಯ ಚರ್ಮದ ಕಡೆಗೆ ಹೆಚ್ಚು ರಕ್ತ ಕಳಿಸಬೇಕು, ಕಾಲಿಗೂ ಕಳಿಸಬೇಕು. ಅದಕ್ಕೇ ಅದೇ ವೇಗಕ್ಕೆ ಎದೆಬಡಿತ ಏರುತ್ತದೆ. ಶಿರಸಿ ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಅಲ್ಲಿನ ಬೆಳಗಿನ ತಣ್ಣನೆ ಗಾಳಿಗೆ ಒಗ್ಗಿದ ಮೈ ಇದು. ಕಾಲು ಸೋತಿದ್ದಲ್ಲ, ಮೈಗೆ ಈ ಸೆಕೆ ಹೊಸದು. ಇದು ಸಮಾಧಾನಕ್ಕೆ ಹೇಳಿಕೊಳ್ಳುವ ಮಾತಲ್ಲ. ಇಂಥ ಸೆಕೆಗೆ ಮೈ ಹತ್ತರಿಂದ ಹದಿನಾಲ್ಕು ದಿನದಲ್ಲಿ ಬಹುಮಟ್ಟಿಗೆ ಒಗ್ಗುತ್ತದೆ. ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಎದೆಬಡಿತ ಇಳಿಯುತ್ತದೆ. ಅಂದರೆ ಇದಕ್ಕೆ ದಾರಿ ಇದೆ. ಆ ಬಿಸಿಲಿನಲ್ಲಿ ನಿಂತು ನನಗೆ ಎಷ್ಟು ಹಗುರವಾಯಿತು ಅಂದರೆ, ಹಲಗೆ ಹಿಡಿದವರ ಹತ್ತಿರ ಓಟದ ಕಥೆಯನ್ನೆಲ್ಲ ಹೇಳಿಬಿಟ್ಟೆ. ಅವರು ಕೋಲಿಗೆ ಒರಗಿಕೊಂಡು ಪೂರ್ತಿ ಕೇಳಿದರು. "ಮತ್ತೆ ಓಡ್ತ್ಯೋ?" ಅಂದರು. ಓಡ್ತೇನೆ ಅಂದೆ.

ಕುಮಟಾಕ್ಕೆ ಬರುವಾಗ ಬಸ್ಸು ಅಘನಾಶಿನಿಯನ್ನು ದಾಟಿತು. ಈ ಹೊಳೆ ಹುಟ್ಟುವುದು ನಮ್ಮ ಶಿರಸಿಯ ಶಂಕರಹೊಂಡದಲ್ಲಿ. ಚಿಕ್ಕಂದಿನಿಂದ ನೋಡಿದ ಹೊಂಡದ ನೀರು ಇಲ್ಲಿ ಇಷ್ಟು ಅಗಲವಾಗಿ ಹರಿಯುವುದನ್ನು ನೋಡಿದರೆ ಪ್ರತಿ ಸಲವೂ ಖುಷಿಯಾಗುತ್ತದೆ.

ಕುಮಟಾದಲ್ಲಿ ಚಿಕ್ಕಮ್ಮನ ಮನೆಗೆ ಹೋದೆ. ಊಟಕ್ಕೆ ಕೂತಾಗ, ಮುಂದಿನ ಸಲ ಕರಾವಳಿಯಲ್ಲಿ ಓಟ ಇದ್ದಾಗ ಎರಡು ವಾರ ಮೊದಲೇ ಬಂದು ಇಲ್ಲೇ ಇರಲಾ ಅಂತ ಕೇಳಿದೆ. ಬೆಳಿಗ್ಗೆ ಹೊತ್ತೇರಿದ ಮೇಲೆ, ಸೆಕೆ ಶುರುವಾದಾಗಲೇ ನಿಧಾನ ಓಡಬೇಕು, ಜೊತೆಗೆ ಉಪ್ಪು ಹಾಕಿದ ನೀರು.

"ಎಂತಕ್ಕೆ ಕೇಳ್ತೆ ಮಾರಾಯಾ, ಬಾ" ಅಂದರು ಚಿಕ್ಕಮ್ಮ. "ಮುರುಗಲ ಸಿಪ್ಪೆ ಒಣಗಿಸಿ ಇಡ್ತೆ. ಎಷ್ಟು ಬೇಕು ಹೇಳು."

ದೇವಿಮನೆ ಘಟ್ಟ ಹತ್ತುವ ಬಸ್ಸಿನಲ್ಲಿ ಕೂತು ಆ ಎರಡು ವಾರದ ಓಟದ ಪಟ್ಟಿ ಬರೆದೆ. ಮೊದಲ ದಿನ ಮೂರೇ ಕಿಲೋಮೀಟರ್.