ಟಾಂಕಿ ಕಾಯುವ ಪ್ರೋಗ್ರಾಂ: ಸೆಲೆಕ್ಟ್‌ನಿಂದ ಪೋಲ್‌ಗೆ ಬಂದ ಮೂರು ವಾರ

ಮುಲುಂಡಿನ ನಮ್ಮ ಬಿಲ್ಡಿಂಗಿಗೆ ಪಾಲಿಕೆ ನೀರು ಬರುವುದು ಬೆಳಗ್ಗೆ ಕೆಲವೇ ಗಂಟೆ. ಅದು ಕೆಳಗಿನ ಟಾಂಕಿಗೆ ಬೀಳುತ್ತದೆ. ವಾಚ್‌ಮನ್ ಪಂಪ್ ಹಾಕಿ ಟೆರೇಸಿಗೆ ಏರಿಸುತ್ತಾರೆ. ಮೇಲೆ ಎರಡು ಟಾಂಕಿ: ಒಂದು ಕುಡಿಯೋಕೆ, ಅಡುಗೆಗೆ, ಇನ್ನೊಂದು ಫ್ಲಶ್‌ಗೆ. ಮೇ ತಿಂಗಳಲ್ಲಿ ಮುಂಬೈಗೆ ನೀರು ಕೊಡುವ ಏಳು ಜಲಾಶಯಗಳೂ ಇಳಿದಿರುತ್ತವೆ. ಅಂಥ ದಿನಗಳಲ್ಲಿ ಟಾಂಕಿ ತುಂಬಿ ಚೆಲ್ಲುವುದನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. ಮೂರನೇ ಮಹಡಿಯ ಅಜ್ಜಿ ದಿನಾ ಲಿಫ್ಟ್ ಹತ್ತಿರ ನಿಂತು "ನೀರ್ ಬಂತಾ ಮಗಾ?" ಅಂತ ಕೇಳುತ್ತಾರೆ. ಅವರ ಫೋನಿನಲ್ಲೇ ಅದು ಕಾಣಬೇಕು ಅಂತ ಈ ಕೆಲಸ ಶುರು ಮಾಡಿದೆ.

ಸೆನ್ಸರ್, ತಂತಿಯ ಕೆಲಸ ಮುಗಿದಿದೆ. ಯುಎಸ್‌ಬಿ ಕೇಬಲ್ 5 ಮೀಟರ್ ದಾಟಿದರೆ ನಂಬೋಕಾಗಲ್ಲ, ನಮ್ಮದು ಏಳು ಮಹಡಿ. ಹಾಗಾಗಿ ಟೆರೇಸಿನಿಂದ ಪಂಪ್ ರೂಮಿಗೆ ಆರ್‌ಎಸ್-485 ಅನ್ನುವ ದೂರದ ಸೀರಿಯಲ್ ತಂತಿ ಎಳೆದೆವು. ಎರಡು ತಂತಿ ಸಾಕು, 1200 ಮೀಟರ್ ತನಕ ಎಳೆಯಬಹುದು. ಪಂಪ್ ರೂಮಿನಲ್ಲಿ ಒಂದು ರಾಸ್ಪ್‌ಬೆರಿ ಪೈ ಇದೆ, ಲಿನಕ್ಸ್ ಓಡುವ ಪುಟ್ಟ ಕಂಪ್ಯೂಟರ್. ಇಲ್ಲಿ ಬರೆಯುತ್ತಿರುವುದು ಅದರೊಳಗಿನ ಸಿ ಪ್ರೋಗ್ರಾಂ ಬಗ್ಗೆ ಮಾತ್ರ.

ಮೊದಲ ವಾರ

ಪ್ರೋಗ್ರಾಂ ಒಂದೇ, ಕಿವಿಗೊಡಬೇಕಾದ ಕಡೆ ಹಲವು. ಟೆರೇಸಿನ ಸೀರಿಯಲ್ ಪೋರ್ಟ್, ಕೆಳಗಿನ ಟಾಂಕಿಯ ಪೋರ್ಟ್, ಹೊಸ ಫೋನುಗಳು ಬಂದು ಸೇರುವ ಸಾಕೆಟ್ (ನೆಟ್‌ವರ್ಕ್ ಬಾಗಿಲು), ಈಗಾಗಲೇ ಸೇರಿರುವ ಫೋನುಗಳು, ಮತ್ತೆ ನನ್ನ ಕೀಬೋರ್ಡ್. ಒಂದರ ಮೇಲೆ ರೀಡ್ (ಓದುವ ಕರೆ) ಕರೆದರೆ ಅಲ್ಲಿ ಏನಾದರೂ ಬರುವ ತನಕ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಸೆನ್ಸರ್ ಓದಿ ಕಳಿಸುವ ಟೆರೇಸಿನ ಬೋರ್ಡ್ ಎರಡು ನಿಮಿಷಕ್ಕೊಮ್ಮೆ ಮಾತಾಡುತ್ತದೆ. ಅಷ್ಟು ಹೊತ್ತೂ ಫೋನುಗಳಿಗೆ ಉತ್ತರ ಇಲ್ಲ.

ಎಲ್ಲವನ್ನೂ ನಾನ್‌ಬ್ಲಾಕಿಂಗ್ ಮಾಡಿ (ಏನೂ ಬರದಿದ್ದರೆ ನಿಲ್ಲದೆ ವಾಪಸ್ ಬರುವ ಹಾಗೆ), ಒಂದೊಂದನ್ನೇ ಮುಟ್ಟಿ ನೋಡುತ್ತಾ ಸುತ್ತುವ ಲೂಪ್ ಬರೆದೆ. ಕೆಲಸವೇನೋ ಆಯಿತು. ಆದರೆ ಸುಮ್ನೆ ಬಾಗಿಲು ತಟ್ಟುತ್ತಾ ತಿರುಗುವ ಪ್ರೋಗ್ರಾಂ ನನಗೆ ಹಿಡಿಸಲಿಲ್ಲ. ನನಗೆ ಬೇಕಿದ್ದದ್ದು ನನ್ನಮ್ಮ ಮಾಡುವ ಥರದ ಕಾಯುವಿಕೆ. ಅಮ್ಮ ಮಣೆಯ ಮೇಲೆ ಕೂತು ಹುರುಳಿಕಾಯಿ ಮುರಿಯುತ್ತಿರುತ್ತಾರೆ. ಕುಕ್ಕರ್ ಕೂಗಿದರೆ, ನಲ್ಲಿ ಗೊರಗೊರ ಅಂದರೆ, ಬೆಲ್ ಆದರೆ ಆ ಕಡೆಗೇ ಏಳುತ್ತಾರೆ.

ಆಪರೇಟಿಂಗ್ ಸಿಸ್ಟಮ್‌ನಲ್ಲಿ ಅದಕ್ಕೆಂದೇ ಕರೆಗಳಿವೆ: ಕಾಯಬೇಕಾದ ಕಡೆಗಳ ಪಟ್ಟಿ ಕೊಟ್ಟರೆ, ಎಲ್ಲಾದರೂ ಏನಾದರೂ ಆಗುವ ತನಕ ಪ್ರೋಗ್ರಾಮನ್ನು ಮಲಗಿಸುತ್ತವೆ. ಹಳೆಯದು ಸೆಲೆಕ್ಟ್, 1983ರ 4.2 ಬಿಎಸ್‌ಡಿ ಅನ್ನುವ ಯುನಿಕ್ಸ್‌ನಲ್ಲಿ ಬಂದದ್ದು. ಅದರಲ್ಲೇ ಶುರು ಮಾಡಿದೆ. ಮೂರು ದಿನ ಓಡಿತು. ಆಮೇಲೆ ಬಿಟ್ಟೆ. ಕೊಟ್ಟ ಪಟ್ಟಿಯನ್ನೇ ಅದು ತಿದ್ದಿ ವಾಪಸ್ ಕೊಡುತ್ತದೆ, ಹಾಗಾಗಿ ಪ್ರತಿ ಸುತ್ತಿಗೂ ಪಟ್ಟಿಯನ್ನು ಮತ್ತೆ ತುಂಬಬೇಕು. ಲಿನಕ್ಸ್‌ನಲ್ಲಿ ಟೈಮೌಟನ್ನೂ (ಎಷ್ಟು ಹೊತ್ತು ಕಾಯಬೇಕು ಅನ್ನುವುದನ್ನೂ) ತಿದ್ದುತ್ತದೆ. ಎಲ್ಲಕ್ಕಿಂತ ದೊಡ್ಡ ಡಿಸ್ಕ್ರಿಪ್ಟರ್ (ತೆರೆದ ಪೋರ್ಟ್, ಸಾಕೆಟ್‌ಗೆ ಸಿಸ್ಟಮ್ ಕೊಡುವ ನಂಬರ್) ಯಾವುದು ಅಂತ ನೋಡಿ ಒಂದು ಕೂಡಿಸಿ ಕೊಡಬೇಕು. ಆ ನಂಬರ್ 1024ಕ್ಕಿಂತ ಕಡಿಮೆ ಇರಬೇಕು ಅನ್ನುವ ಮಿತಿ ಬೇರೆ, ಅದು ನಮಗೆ ತಾಗಲ್ಲ ಬಿಡಿ.

ಎರಡನೇ ವಾರ

ಅದೇ ಕೆಲಸದ ಇನ್ನೊಂದು ಕರೆ, ಪೋಲ್‌ಗೆ ಬಂದೆ. ಇದು ನನಗೆ ನಿಜಕ್ಕೂ ಇಷ್ಟವಾಯಿತು. ಒಂದು ಅರೇ. ಅದರ ಪ್ರತಿ ಸಾಲಿನಲ್ಲಿ ಮೂರೇ ವಿಷಯ: ಯಾವ ಡಿಸ್ಕ್ರಿಪ್ಟರ್, ಏನಾದರೆ ಹೇಳಬೇಕು, ಏನಾಯಿತು. ನಾನು ಕೇಳಿದ್ದು ಒಂದು ಕಡೆ, ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಹೇಳಿದ್ದು ಇನ್ನೊಂದು ಕಡೆ. ಪ್ರತಿ ಸಲ ತುಂಬುವ ಕೆಲಸವಿಲ್ಲ. ಟೈಮೌಟ್ ಮಿಲಿಸೆಕೆಂಡಿನಲ್ಲಿ, -1 ಕೊಟ್ಟರೆ ಏನಾದರೂ ಆಗುವ ತನಕ ನಿದ್ದೆ.

ಆಗಲೇ ಮೂರು ದಿನ ತಿಂದ ತೊಂದರೆ ಶುರುವಾಯಿತು. ಟೆರೇಸಿನ ಬೋರ್ಡ್ ಪ್ರತಿ ಸಲ ಎರಡು ಸಾಲು ಕಳಿಸುತ್ತದೆ: ಕುಡಿಯುವ ಟಾಂಕಿಗೆ ಕೆ93, ಫ್ಲಶ್ ಟಾಂಕಿಗೆ ಎಫ್61, ಹೀಗೆ. ಅಕ್ಷರ ಟಾಂಕಿಯ ಗುರುತು, ನಂಬರ್ ನೀರಿನ ಮಟ್ಟ. ಮಂಗಳವಾರ ಫ್ಲಶ್ ಟಾಂಕಿ ಚೆಲ್ಲುತ್ತಿತ್ತು, ಫೋನಿನಲ್ಲಿ 88 ಅಂತಿತ್ತು.

ಗಂಡನನ್ನು ಅಡುಗೆಮನೆಯ ಪರಾತ ಕೊಟ್ಟು ಟೆರೇಸಿಗೆ ಕಳಿಸಿದೆ. ಸೆನ್ಸರ್ ಮೇಲಿಂದ ನೀರಿನ ದೂರ ಅಳೆಯುತ್ತದೆ, ಪರಾತವನ್ನು ಅದರ ಕೆಳಗೆ ಹಿಡಿದರೆ ನೀರು ಏರಿದ ಹಾಗೆ ಕಾಣಬೇಕು. ಕುಡಿಯುವ ಟಾಂಕಿಯದು ಸರಿಯಾಗಿ ಬಂತು. ಫ್ಲಶ್‌ನದು ಬದಲಾಗಲಿಲ್ಲ. "ಕೈ ನೋಯ್ತಿದೆ ಕಣೇ, ಬಂತಾ?" ಅಂತ ಮೇಲಿಂದ ಫೋನ್. ಪರಾತ ತೆಗೆದ ಮೇಲೆ, ಮುಂದಿನ ಸುತ್ತಿನಲ್ಲಿ, ಹಳೆಯ ಪರಾತದ ನಂಬರ್ ಬಂತು!

ಸೆನ್ಸರ್‌ಗಳನ್ನು ಅದಲು ಬದಲು ಮಾಡಿದೆವು. ತಡ ಫ್ಲಶ್‌ನಲ್ಲೇ ಉಳಿಯಿತು. ಬೋರ್ಡ್ ಸಾಲು ಕಳಿಸುವ ಕ್ರಮ ತಿರುಗಿಸಿದೆ. ಈಗ ಕುಡಿಯುವ ಟಾಂಕಿ ತಡ. ಅಂದರೆ ಯಾವ ಟಾಂಕಿ ಅನ್ನುವುದು ಮುಖ್ಯವಲ್ಲ, ಎರಡನೆಯ ಸಾಲು ಯಾವುದೋ ಅದು ಒಂದು ಸುತ್ತು ಹಿಂದೆ ಇರುತ್ತದೆ.

ಪ್ರೋಗ್ರಾಂ ಮಾಡುವ ಸಿಸ್ಟಮ್ ಕರೆಗಳನ್ನು ತೋರಿಸುವ ಸ್ಟ್ರೇಸ್ ಹಾಕಿ ನೋಡಿದಾಗ ತಿಳಿಯಿತು. ಒಂದೇ ರೀಡ್‌ನಲ್ಲಿ 8 ಬೈಟ್, ಅಂದರೆ ಎರಡೂ ಸಾಲು (ಸಾಲಿನ ಕೊನೆಯ ಗುರುತೂ ಸೇರಿ ನಾಲ್ಕು ನಾಲ್ಕು) ಒಟ್ಟಿಗೆ ಬರುತ್ತಿದ್ದವು. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಒಂದು ಅಕ್ಷರಕ್ಕೆ ಸುಮಾರು ಒಂದು ಮಿಲಿಸೆಕೆಂಡ್. ತಂತಿಯನ್ನು ಪೈಗೆ ಸೇರಿಸುವ ಯುಎಸ್‌ಬಿ ಅಡಾಪ್ಟರ್ ಅಷ್ಟನ್ನು ಸೇರಿಸಿ ಒಂದೇ ಗಂಟು ಮಾಡಿ ಕೊಡುತ್ತಿತ್ತು. ಪೋರ್ಟ್ ರಾ ಮೋಡ್‌ನಲ್ಲಿದೆ (ಬಂದದ್ದನ್ನು ಬಂದ ಹಾಗೇ ಕೊಡುವುದು), ಹಾಗಾಗಿ ಕರ್ನಲ್ ಸಾಲು ಅಂತ ಬಿಡಿಸುವುದಿಲ್ಲ. ನಾನು ಓದುತ್ತಿದ್ದದ್ದು ಒಂದೊಂದು ಸಾಲು ಕೊಡುವ ಸಿ ಫಂಕ್ಷನ್ ಎಫ್‌ಗೆಟ್ಸ್‌ನಿಂದ. ಅದು ಎಂಟೂ ಬೈಟನ್ನು ಒಳಗಿನ ಬಫರಿಗೆ (ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗಕ್ಕೆ) ಎಳೆದುಕೊಂಡು ನನಗೆ ಮೊದಲ ಸಾಲು ಮಾತ್ರ ಕೊಟ್ಟಿತು. ಎರಡನೆಯದು ನನ್ನ ಪ್ರೋಗ್ರಾಂ ಒಳಗೇ ಕೂತಿತ್ತು. ಕರ್ನಲ್ ಹತ್ತಿರ ಏನೂ ಉಳಿದಿಲ್ಲ, ಅದಕ್ಕೆ ಪೋಲ್ "ಏನೂ ಬಂದಿಲ್ಲ" ಅಂತ ಮಲಗಿಸಿತು. ಪೋಲ್ ಹೇಳಿದ್ದು ಸರಿಯೇ. ಅದಕ್ಕೆ ಕಾಣುವುದು ಕರ್ನಲ್ ಬಫರ್ ಮಾತ್ರ.

ಎಫ್‌ಗೆಟ್ಸ್ ಕಿತ್ತು ಹಾಕಿದೆ. ಈಗ ಪ್ರತಿ ಡಿಸ್ಕ್ರಿಪ್ಟರಿಗೂ ನನ್ನದೇ ಒಂದು ಬಫರ್. ಪೋಲ್ ಎಬ್ಬಿಸಿದರೆ ನೇರ ರೀಡ್, ಸಿಕ್ಕಿದ್ದನ್ನೆಲ್ಲ ಬಫರಿಗೆ ಸೇರಿಸುವುದು, ಪೂರ್ತಿ ಸಾಲು ಎಷ್ಟಿವೆಯೋ ಅಷ್ಟನ್ನೂ ಮುಗಿಸುವುದು, ಅರ್ಧ ಸಾಲು ಇದ್ದರೆ ಅಲ್ಲೇ ಬಿಡುವುದು. ಓದಬಹುದು ಅಂತ ಪೋಲ್ ಹೇಳಿದರೆ ಒಂದು ಬೈಟಾದರೂ ಇದೆ ಅಂತ ಅಷ್ಟೇ ಅರ್ಥ, ಸಾಲು ಪೂರ್ತಿ ಬಂದಿದೆ ಅಂತಲ್ಲ. ಪರಾತ ಮತ್ತೆ ಟೆರೇಸಿಗೆ ಹೋಯಿತು. ಎರಡೂ ನಂಬರ್ ಒಟ್ಟಿಗೆ ಬಂದವು. ಆ ದಿನ ನನಗೆ ತುಂಬಾ ಖುಷಿಯಾಯಿತು.

ಮೂರನೇ ವಾರ

ಪೈ ಬಿಸಿಯಾಗುತ್ತಿತ್ತು. ಯಾವ ಪ್ರೋಗ್ರಾಂ ಎಷ್ಟು ಸಿಪಿಯು ತಿನ್ನುತ್ತಿದೆ ಅಂತ ತೋರಿಸುವ ಟಾಪ್‌ನಲ್ಲಿ ನೋಡಿದರೆ ನನ್ನ ಪ್ರೋಗ್ರಾಂ 100% ಸಿಪಿಯು. ಫೋನುಗಳ ಸಾಕೆಟ್‌ಗೆ ಓದುವುದರ ಜೊತೆ ಬರೆಯುವುದನ್ನೂ ಕೇಳಿಟ್ಟಿದ್ದೆ. ಸಾಕೆಟ್‌ನಲ್ಲಿ ಬರೆಯಲು ಜಾಗ ಹೆಚ್ಚುಕಡಿಮೆ ಯಾವಾಗಲೂ ಇರುತ್ತದೆ ಅಲ್ವಾ? ಪೋಲ್ ಮಲಗುವುದೇ ಇಲ್ಲ. ಈಗ ಕಳಿಸಬೇಕಾದ್ದು ಬಾಕಿ ಇದ್ದಾಗ ಮಾತ್ರ ಪೋಲ್‌ಔಟ್ (ಬರೆಯಲು ಜಾಗವಿದ್ದರೆ ಹೇಳು ಅನ್ನುವುದು) ಕೇಳುತ್ತೇನೆ, ಖಾಲಿಯಾದ ತಕ್ಷಣ ತೆಗೆಯುತ್ತೇನೆ.

ಇನ್ನೊಂದು ದಿನ ಪಂಪ್ ರೂಮ್ ಗುಡಿಸುವಾಗ ಅಡಾಪ್ಟರ್ ಕಳಚಿತು, ಮತ್ತೆ 100%. ಪೋಲ್‌ಹಪ್ (ಆ ಕಡೆ ಕಡಿದುಹೋಯಿತು), ಪೋಲ್‌ಎರ್ (ದೋಷ) ಎರಡನ್ನೂ ಕೇಳದಿದ್ದರೂ ಕರ್ನಲ್ ಹೇಳುತ್ತದೆ, ನಾವು ಏನಾದರೂ ಮಾಡುವ ತನಕ ಹೇಳುತ್ತಲೇ ಇರುತ್ತದೆ. ಈಗ ಅಂಥ ಪೋರ್ಟನ್ನು ಮುಚ್ಚಿ ಆ ಸಾಲಿನ ಡಿಸ್ಕ್ರಿಪ್ಟರನ್ನು -1 ಮಾಡುತ್ತೇನೆ. ನೆಗೆಟಿವ್ ನಂಬರನ್ನು ಪೋಲ್ ನೋಡದೆ ದಾಟುತ್ತದೆ, ಅರೇ ಅಲುಗಿಸಬೇಕಿಲ್ಲ. ಪೋರ್ಟ್ ಇಲ್ಲದಾಗ ಟೈಮೌಟ್ 5000, ಪ್ರತಿ ಸಲ ಮತ್ತೆ ತೆರೆಯಲು ಪ್ರಯತ್ನ.

ಇದೇ ಜಾತಿಯ ಹೊಸ ಕರೆ ಇಪೋಲ್ ಯಾಕೆ ಬೇಡ ಅಂತ ಗೆಳೆಯರು ಕೇಳಿದರು. ಅದು 2002ರಲ್ಲಿ ಲಿನಕ್ಸ್ ಕರ್ನಲ್ಲಿಗೆ ಸೇರಿತು, ಸಾವಿರಾರು ಕನೆಕ್ಷನ್ ಇರುವಲ್ಲಿ ಬೇಕು. ನಮ್ಮಲ್ಲಿ 28 ಮನೆ. ಎಲ್ಲರೂ ಒಟ್ಟಿಗೆ ನೋಡಿದರೂ ಪೋಲ್ ಸಾಕು.

ಉಳಿದಿರುವುದು ಒಂದು. ಯಾರಾದರೂ ಪುಟ ತೆರೆದಿಟ್ಟು ವೈಫೈ ದಾಟಿ ಸ್ಟೇಷನ್ ಕಡೆ ಹೋದರೆ ಆ ಕನೆಕ್ಷನ್ ಸತ್ತದ್ದು ನಮ್ಮ ಕಡೆಗೆ ತಿಳಿಯುವುದಿಲ್ಲ. ಪ್ಯಾಕೆಟ್ ಬರದಿದ್ದರೆ ಪೋಲ್ ಏನನ್ನೂ ಹೇಳುವಂತಿಲ್ಲ. ಆ ಕಡೆ ಇನ್ನೂ ಇದ್ದಾರಾ ಅಂತ ವಿಚಾರಿಸುವ ಕೀಪ್‌ಅಲೈವ್ ಹಾಕಬೇಕು, ಆದರೆ ಲಿನಕ್ಸ್‌ನಲ್ಲಿ ಅದು ಸುಮ್ಮನೆ ಬಿಟ್ಟರೆ ಮೊದಲ ಸಲ ವಿಚಾರಿಸುವುದು 7200 ಸೆಕೆಂಡ್ ಆದ ಮೇಲೆ. ಈ ಭಾನುವಾರ ಅದನ್ನು 60ಕ್ಕೆ ಇಳಿಸಿ, ಅಜ್ಜಿಯ ಫೋನಿನಲ್ಲೇ ಮೊದಲು ನೋಡಬೇಕು.